ಊರು ಕೇಳುತ್ತಿದ್ದ ಬೂತಿನವರು

ಮೊಳಕಾಲ್ಮೂರಿನಲ್ಲಿ ನಮ್ಮ ಬೀದಿಯ ಎಸ್‌ಟಿಡಿ ಬೂತಿನವರು ಹೋದ ತಿಂಗಳು ತೀರಿಕೊಂಡರು. ಚೀಟಿ ಕೊಟ್ಟರೆ ನಂಬರು ನೋಡುವ ಮೊದಲೇ "ಯಾವೂರು?" ಎನ್ನುತ್ತಿದ್ದರು. ಆಂಧ್ರದ ಕಡೆಯವರಾದರೆ ತೆಲುಗಿನಲ್ಲಿ "ಏ ಊರು?" ಊರು ಹೇಳಿದರೆ ಸಾಕು, ಅದರ ಎಸ್‌ಟಿಡಿ ಕೋಡು ಅವರ ಬೆರಳಿನಲ್ಲೇ ಇರುತ್ತಿತ್ತು. ರಿಸೀವರನ್ನು ಹೆಗಲ ಟವೆಲಿನಿಂದ ಒರೆಸಿ ಕೊಡುತ್ತಿದ್ದರು.

ಮೊಬೈಲ್ ಇರುವಾಗ ಕೋಡು ಯಾತಕ್ಕೆ ಎಂದು ಈಗ ಯಾರಾದರೂ ಅಂದರೆ ನನಗೆ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಪ್ಪನಿಗೆ ಉಸಿರು ಕಟ್ಟುತ್ತಿತ್ತು. ಅಣ್ಣ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿದ್ದ. ಅವನ ಹೊಸ ಮೊಬೈಲ್ ನಂಬರು ಹಿಡಿದು ಬೂತಿಗೆ ಓಡಿದೆ. ಅವರು ಮೂರು ಸಲ ಒತ್ತಿದರು. ಸ್ವಿಚ್ ಆಫ್.

"ಇದಕ್ಕೆ ಕೋಡೇ ಇಲ್ಲ ಕಣವ್ವ. ಎಲ್ಲಿದಾನೆ ಅಂತ ಹೆಂಗ್ ಹುಡುಕೋದು? ಯಾವೂರು ಹೇಳು."

ಹೇಳಿದೆ. 08195 ಒತ್ತಿ, ಅಲ್ಲಿನ ಬೂತಿನವನೊಬ್ಬನನ್ನು ಹಿಡಿದರು. ಇಬ್ಬರೂ ಮುಖ ನೋಡಿಕೊಂಡವರಲ್ಲ. ಹೀಗೆ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದು ಬೂತಿನವರ ರೂಢಿಯಾಗಿತ್ತು.

"ಲೇ, ಟೀ ಆಮೇಲ್ ಕುಡಿಯುವಂತೆ, ಸೈಕಲ್ ಹತ್ತು. ಎಣ್ಣೆ ಮಿಲ್ಲಾಗೆ ಮೊಳಕಾಲ್ಮೂರಿನೋನು ಅಂದ್ರೆ ತೋರಿಸ್ತಾರೆ. ಅಪ್ಪಂಗೆ ಜಾಸ್ತಿ ಆಗೈತೆ, ಬಸ್ಸಿಗೆ ಹತ್ಸು."

ಸಂಜೆ ಅಣ್ಣ ಬಂದ. ಅಪ್ಪನಿಗೆ ಇನ್ನೂ ಗುರುತು ಸಿಗುತ್ತಿತ್ತು. ಅಣ್ಣನ ಕೈ ಹಿಡಿದು ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಬೂತಿನವರು ಬಾಗಿಲಲ್ಲಿ ನಿಂತಿದ್ದರು.

"ಬಂದ್ನೇನವ್ವ?"

"ಬಂದ. ಒಳಗ್ ಬರ್ರಿ, ಅಪ್ಪನ್ನ ನೋಡ್ರಿ."

"ನಾಳೆ ಬರ್ತೀನವ್ವ. ಚಳ್ಳಕೆರೆಯೋನು ಬೂತ್ ಮುಚ್ಚದೆ ಕಾಯ್ತಾ ಕುಂತಾನೆ, ಅವನಿಗೆ ಹೇಳ್ಬೇಕು."