ಚಿಕ್ಕಜಾಲದ ಕಪ್ಪೆಗಳ ಎರಡನೇ ಪ್ರತಿ

ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಬಸ್ಸಿಳಿಯುವ ಹೊತ್ತಿಗೇ ರಾಧಾಮಣಿಗೆ ಅರ್ಧ ದಿನ ದುಡಿದಷ್ಟು ಸುಸ್ತಾಗಿರುತ್ತಿತ್ತು. ಚಿಕ್ಕಜಾಲದಲ್ಲಿ ಹತ್ತಿ, ಏರ್‌ಪೋರ್ಟ್ ಟ್ಯಾಕ್ಸಿಗಳ ಹಿಂದೆ ತೆವಳಿಕೊಂಡು ಬಂದು, ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು ಕೇಂದ್ರದ ಗೇಟಿನತ್ತ ಕಾಲೆಳೆಯುವುದು. ವರ್ಷವರ್ಷ ನವೀಕರಿಸಬೇಕಾದ ಗುತ್ತಿಗೆ ಕೆಲಸ. ಕೆರೆ ಕುಂಟೆಗಳ ಜೀವಜಂತುಗಳ ಬಗ್ಗೆ ಸಂಶೋಧನೆ ಮಾಡುವವರ ಕೇಂದ್ರ ಅದು. ಓದುವ ಮಕ್ಕಳು ಊರೂರು ಅಲೆದು ಚಿತ್ರ, ಸದ್ದು, ಲೆಕ್ಕಾಚಾರ ಎಲ್ಲ ತಂದು ಸುರಿಯುತ್ತಾರೆ. ಸುರಿದದ್ದನ್ನು ಕಾಯುವವಳು ರಾಧಾಮಣಿ.

ಕಾಯುವುದೆಂದರೆ ಹೀಗೆ. ಒಂದೊಂದು ಫೈಲಿಗೂ ಎರಡೆರಡು ಪ್ರತಿ. ಒಂದು ಹೆಬ್ಬಾಳದ ಕಂಪ್ಯೂಟರ್ ಯಂತ್ರದಲ್ಲಿ, ಇನ್ನೊಂದು ಸೋಲದೇವನಹಳ್ಳಿಯ ಶಾಖೆಯ ಯಂತ್ರದಲ್ಲಿ. ಯಾವ ಫೈಲು ಎಲ್ಲೆಲ್ಲಿದೆ ಎಂದು ನೆನಪಿಡಲು ಒಂದು ಕ್ಯಾಟಲಾಗು. ಅದಕ್ಕೆ ಒತ್ತುವ ಬಟನ್ನಿಲ್ಲ, ಬಣ್ಣದ ಚಿತ್ರವಿಲ್ಲ. ಒಂದು ಕಪ್ಪು ಪರದೆ, ಮಿಣಮಿಣ ಎನ್ನುವ ಒಂದು ಗೀಟು. ಅಲ್ಲಿ ಒಂದು ಸಾಲು ಟೈಪು ಮಾಡಿದರೆ ಫೈಲಿನ ವಿಳಾಸಗಳನ್ನು ಹೇಳುತ್ತದೆ. ಇನ್ನೊಂದು ಸಾಲಿಗೆ ಹೊಸ ವಿಳಾಸ ಸೇರಿಸಿಕೊಳ್ಳುತ್ತದೆ, ಮತ್ತೊಂದಕ್ಕೆ ಹಳೆಯದನ್ನು ಅಳಿಸುತ್ತದೆ. ವಿಳಾಸ ಗೊತ್ತು ಅಷ್ಟೇ. ಆ ಮನೆಯಲ್ಲಿ ಜನ ಇದ್ದಾರೋ, ಬೀಗ ಬಿದ್ದಿದೆಯೋ, ಅದರ ಗೊಡವೆ ಅದಕ್ಕಿಲ್ಲ.

ಈ ವಿದ್ಯೆ ಕಲಿಸಿದವರು ಯಂತ್ರಗಳ ಉಸ್ತುವಾರಿ ನೋಡುವ ಮುರಿಗೆಪ್ಪ, ಗದಗಿನ ಕಡೆಯವರು. ಕಲಿಸುವಾಗ, "ಯಾವುದಾರ ಒಂದು ಫೈಲ್ ತಗೊಂಡು ಆಟ ಆಡ್ರಿ. ಕೈ ಪಳಗತಾವ" ಎಂದಿದ್ದರು. ಪಟ್ಟಿಯಲ್ಲಿ ತನ್ನೂರಿನ ಹೆಸರು ಕಂಡ ಖುಷಿಗೆ ರಾಧಾಮಣಿ ಚಿಕ್ಕಜಾಲದ ಕುಂಟೆಯ ಒಂದು ಫೈಲನ್ನೇ ಎತ್ತಿಕೊಂಡಳು. ಯಲಹಂಕದ ಪುಟ್ಟ ಶಾಖೆಯ ಯಂತ್ರಕ್ಕೆ ಅದರ ನಕಲು ಕಳಿಸಿದಳು, ಕ್ಯಾಟಲಾಗಿಗೆ ವಿಳಾಸ ಸೇರಿಸಿದಳು, ಅಳಿಸಿದಳು, ಮತ್ತೆ ಸೇರಿಸಿದಳು, ಮತ್ತೆ ಅಳಿಸಿದಳು. ಕಲಿತದ್ದೂ ಆಯಿತು, ಮರೆತದ್ದೂ ಆಯಿತು.

ಆ ಕುಂಟೆಯ ಫೈಲುಗಳೆಲ್ಲ ದಿವ್ಯಳವು. ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ. ಮೂರು ಮಳೆಗಾಲ ಕೋಲಿಗೆ ಮೈಕು ಕಟ್ಟಿಕೊಂಡು ಕುಂಟೆಯ ದಡದಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಕೂತು ಕಪ್ಪೆಗಳ ಕೂಗು ಹಿಡಿದಿದ್ದಳು. ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದ ಹಾಗೆ ಕೂಗುವ ಒಂದು ಸಣ್ಣ ಕಪ್ಪೆ ಸುತ್ತಮುತ್ತಲೆಲ್ಲ ಅಲ್ಲೊಂದೇ ಕಡೆ ಸಿಕ್ಕಿತ್ತಂತೆ. ಅವಳ ಪ್ರಬಂಧವೆಲ್ಲ ಅದರ ಮೇಲೇ ನಿಂತಿತ್ತು. ಆಮೇಲೆ ಕುಂಟೆಗೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಲೇಔಟ್ ಬಂತು. ಇನ್ನು ಅಲ್ಲಿ ಹಿಡಿಯಲು ಕೂಗಿಲ್ಲ. "ಲ್ಯಾಪ್‌ಟಾಪ್ ತುಂಬ್ಹೋಗಿದೆ ರಾಧಕ್ಕ" ಎಂದು ದಿವ್ಯ ಒಮ್ಮೆ ಗೋಳಾಡಿದಾಗ ರಾಧಾಮಣಿಯೇ ಹೇಳಿದ್ದಳು, "ಡಿಲೀಟ್ ಮಾಡ್ಕೊಳೇ. ಇಲ್ಲಿ ಎರಡು ಕಡೆ ಭದ್ರವಾಗಿದೆ."

ಈ ಬೇಸಿಗೆಯಲ್ಲಿ ಮೇಲಿನಿಂದ ಒಂದು ಆದೇಶ ಬಂತು. ಹೆಬ್ಬಾಳದ ಯಂತ್ರ ತುಂಬಿದೆ, ಹೊಸ ಡಿಸ್ಕು ಬರುವವರೆಗೆ ಎರಡು ಕಡೆ ಇರುವ ಹಳೆಯ ಫೈಲುಗಳ ಹೆಬ್ಬಾಳದ ಪ್ರತಿ ತೆಗೆಯಿರಿ. ರಾಧಾಮಣಿ ತೆಗೆದಳು. ಕ್ಯಾಟಲಾಗನ್ನು ಕೇಳುವುದು, ಎರಡು ವಿಳಾಸ ಬಂತೇ ನೋಡುವುದು, ಅಳಿಸುವುದು. ರಾಗಿಯಲ್ಲಿ ಕಲ್ಲು ಆರಿಸಿದ ಹಾಗೆ ದಿನಗಟ್ಟಲೆ. ಕಣ್ಣು ಉರಿಯುತ್ತಿತ್ತು, ಕತ್ತು ಹಿಡಿದುಕೊಳ್ಳುತ್ತಿತ್ತು. ಖಾಲಿಯಾದ ಜಾಗಕ್ಕೆ ಹೊಸ ಫೈಲುಗಳು ಬಂದು ಕೂತವು.

ಅದಾದ ಮೇಲೊಂದು ಬೆಳಗ್ಗೆ ದಿವ್ಯ ಬಾಗಿಲಲ್ಲಿ ನಿಂತಿದ್ದಳು.

"ರಾಧಕ್ಕ, ಚಿಕ್ಕಜಾಲದ್ದು ಯಾವ್ದೂ ಓಪನ್ ಆಗ್ತಿಲ್ವಲ್ಲ. ಗೈಡು ಒಂದು ಅಧ್ಯಾಯ ಪೂರ್ತಿ ಮತ್ತೆ ಮಾಡು ಅಂದಿದ್ದಾರೆ."

"ಸೋಲದೇವನಹಳ್ಳಿಲಿದೆ ಕಣೇ. ತರಿಸ್ಕೊಡ್ತೀನಿ, ಕೂತ್ಕೊ."

ಕೇಳಿದಳು. ಕ್ಯಾಟಲಾಗು ಸೋಲದೇವನಹಳ್ಳಿಯ ವಿಳಾಸ ಕೊಟ್ಟಿತು. ಆ ವಿಳಾಸಕ್ಕೆ ಹೋಗಿ ಫೈಲು ತಾ ಎಂದಳು. ಅಂಥ ಫೈಲಿಲ್ಲ ಎಂದಿತು ಪರದೆ. ಕೈ ತಪ್ಪಿರಬೇಕು ಎಂದುಕೊಂಡು ಅಕ್ಷರ ಅಕ್ಷರ ನೋಡಿ ಮತ್ತೆ ಟೈಪು ಮಾಡಿದಳು. ಇಲ್ಲ. ಪಕ್ಕದ ಫೈಲು? ಅದೂ ಇಲ್ಲ. ದಿವ್ಯ ಮೊಬೈಲು ಕೆಳಗಿಟ್ಟು ಪರದೆ ನೋಡತೊಡಗಿದಳು.

ಮುರಿಗೆಪ್ಪ ಬಂದರು. ಕನ್ನಡಕ ಹಣೆಗೇರಿಸಿ ಪರದೆ ನೋಡಿ, ಕನ್ನಡಕ ಇಳಿಸಿ ಮತ್ತೆ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತುಬಿಟ್ಟರು.

"ಇದು ಮೊದಲಿನ ಗುರುಶಾಂತ ಅಲ್ರಿ ರಾಧಾಮಣಿಯವರ."

ಯಂತ್ರಗಳಿಗೆ ಹೆಸರಿಡುವುದು ಮುರಿಗೆಪ್ಪನವರ ಹಕ್ಕು. ಸೋಲದೇವನಹಳ್ಳಿಯದಕ್ಕೆ ಗುರುಶಾಂತ ಎಂದು ಇಟ್ಟಿದ್ದರು. ಹಿಂದಿನ ವರ್ಷ ಸಿಡಿಲು ಹೊಡೆದು ಅದು ಸುಟ್ಟುಹೋಯಿತು. ಹೊಸ ಯಂತ್ರ ಬಂದಾಗ ಕಾಯಿ ಒಡೆದು, ಕುಂಕುಮ ಹಚ್ಚಿ, ಅದಕ್ಕೂ ಗುರುಶಾಂತ ಎಂದೇ ಹೆಸರಿಟ್ಟರು.

"ನಮ್ಮ ಕಡೆ ಅಜ್ಜ ತೀರಿಕೊಂಡ್ರ ಮೊಮ್ಮಗಗ ಅಜ್ಜನ ಹೆಸರು ಇಡ್ತೀವಲ್ರಿ, ಹಂಗ. ಹೆಸರು ಉಳೀಲಿ ಅಂತ. ಅವತ್ತು ಕೇಳಿದವರ ಫೈಲ್ ಮಾತ್ರ ಇಲ್ಲಿಂದ ತುಂಬಿಸಿದೆ. ಉಳಿದದ್ದು ನಾಳೆ, ನಾಡದು ಅಂದೆ, ಹಂಗ ಉಳೀತು."

ಕ್ಯಾಟಲಾಗಿಗೆ ಹೆಸರೊಂದು ಗೊತ್ತು. ಅದೇ ಹೆಸರಿನ ಯಂತ್ರ ಅದೇ ಜಾಗದಲ್ಲಿ ನಿಂತಿದ್ದ ಮೇಲೆ ಅದು ಎರಡು ಎರಡು ಎಂದೇ ಹೇಳುತ್ತಾ ಬಂದಿತ್ತು. ಮೊಮ್ಮಗನಿಗೆ ಅಜ್ಜನ ಹೆಸರು ಬಂದಿತ್ತು, ಅಜ್ಜನ ಕಣಜ ಬಂದಿರಲಿಲ್ಲ.

"ಅಂದ್ರೆ ಇಲ್ವಾ?" ಎಂದಳು ದಿವ್ಯ. "ರಾಧಕ್ಕ, ಭದ್ರವಾಗಿದೆ ಅಂದಿದ್ರಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗಿ ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಾಗಿಲು ಸದ್ದಾಗದ ಹಾಗೆ ಮುಂದಕ್ಕೆಳೆದು ಹೋದಳು.

ಅವತ್ತು ಸಂಜೆ ಮನೆಗೆ ಬಂದ ರಾಧಾಮಣಿ ಚಪ್ಪಲಿ ಬಿಡದೆ ಜಗಲಿಯ ಮೇಲೇ ಕೂತಳು. ಅತ್ತೆ ಅಕ್ಕಯ್ಯಮ್ಮ ಸೊಪ್ಪು ಸೋಸುತ್ತಿದ್ದರು.

"ಯಾಕವ್ವ, ಮಕ ಇಂಗಾಗದೆ? ಬಸ್ನಾಗೆ ಜಾಗ ಸಿಗ್ಲಿಲ್ವಾ?"

"ನಮ್ ಕುಂಟೆ ಕಪ್ಪೆ ಸದ್ದು ಹೋಯ್ತು ಅತ್ತೆ. ದಿವ್ಯ ಹಿಡ್ಕೊಂಡಿದ್ಲಲ್ಲ, ಅದು. ನಾನೇ ಅಳಿಸ್ಬಿಟ್ಟೆ."

"ಓ, ಆ ಕಪ್ಪೆ ಉಡುಗೀದಾ?" ಅಕ್ಕಯ್ಯಮ್ಮ ಒಂದು ಕಡ್ಡಿ ಎಸೆದರು. "ಸರೋಯ್ತು. ಕುಂಟೆ ಮುಚ್ದೋರ್ನ ಯಾರೂ ಏನೂ ಅನ್ನಲಿಲ್ಲ, ಸದ್ದು ಅಳಿಸ್ದೋಳು ಇಲ್ಲಿ ಕುಂತು ಅಳ್ತಾವ್ಳೆ."

"ತಮಾಷೆ ಬೇಡಿ ಅತ್ತೆ. ಇನ್ನೊಂದು ಮನೇಲಿದೆ ಅಂತ ನಮ್ಮನೇದು ತೆಗ್ದೆ. ನೋಡಿದ್ರೆ ಅಲ್ಲಿಲ್ಲ."

ಸೊಪ್ಪು ಸೋಸುವ ಕೈ ನಿಂತಿತು. "ಬಿತ್ನೆ ರಾಗಿ ನಾವೂ ಅಂಗೇ ಇಕ್ತಿದ್ದಿದ್ದು. ನಮ್ಮನೇಲೊಂದು ಮಡಕೆ, ನಮ್ ನಾದಿನಿ ಮನೇಲೊಂದು ಮಡಕೆ. ಆದ್ರೆ ನಮ್ದನ್ನ ಬೀಸಾಕೆ ಮುಂಚೆ ಓಗಿ ಅವ್ಳ ಮಡಕೆ ಒಳಕ್ಕೆ ಕೈ ಇಟ್ಟು ನೋಡ್ಕಂಡ್ ಬತ್ತಿದ್ದೆ. ಐತೆ ಐತೆ ಅಂತ ಬಾಯಲ್ಲಿ ಎಲ್ರೂ ಏಳ್ತಾರೆ. ಇಲಿ ತಿಂದಿದ್ದ ಯಾರವ್ವ ಏಳ್ತಾರೆ?"

"ಎರಡೂ ಮಡಕೆ ಹೋದ್ರೆ ಏನ್ ಮಾಡ್ತಿದ್ರಿ?"

"ಇನ್ನೇನ್ ಮಾಡದು? ಮನೆ ಮೂಲೆ ಮೂಲೆ ಗುಡಿಸದು. ಗೂಡ್ನಾಗೆ, ಮಂಕ್ರಿ ಸಂದೀನಾಗೆ, ಯಾವಾಗ್ಲೋ ಇಕ್ಕಿ ಮರ್ತಿದ್ದು ಒಂದಿಡಿ ಸಿಗೋದು. ಏಳು, ಕೈಕಾಲ್ ತೊಳ್ಕೊ. ಮುದ್ದೆ ಆರೋಯ್ತದೆ."

ಮಾರನೆಯ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಕೆಲಸಕ್ಕೆ ಹೋಗುವ ಮನಸ್ಸೇ ಇರಲಿಲ್ಲ. ಹೋಗದಿದ್ದರೆ ಸಂಬಳವಿಲ್ಲ, ಹಾಗಾಗಿ ಹೊರಟಿದ್ದಳು. "ಯಲಹಂಕ ಇಳ್ಕೊಳ್ರೀ, ಯಲಹಂಕ" ಎಂದು ಕಂಡಕ್ಟರು ಕೂಗಿದ. ಇಳಿಯುವವರ ಬ್ಯಾಗು ಭುಜಕ್ಕೆ ತಾಗಿದಾಗ ಅವಳಿಗೆ ಥಟ್ಟನೆ ಹೊಳೆಯಿತು. ಯಲಹಂಕ. ತಾನು ಕಲಿಯುವಾಗ ಆಡಿದ ಆಟ. ಕ್ಯಾಟಲಾಗಿನಿಂದ ವಿಳಾಸ ಅಳಿಸಿದ್ದಳು. ಫೈಲನ್ನು ಅಳಿಸಿದ ನೆನಪಿಲ್ಲ. ಅವೆರಡೂ ಬೇರೆ ಬೇರೆ ಆಜ್ಞೆ, ಆಗ ಅವಳಿಗೆ ಎರಡನೆಯದು ಗೊತ್ತೇ ಇರಲಿಲ್ಲ.

ಕೇಂದ್ರ ತಲುಪಿದವಳೇ ದಿವ್ಯಳಿಗೆ ಫೋನು ಮಾಡಿ, ನೀರೂ ಕುಡಿಯದೆ ಕಪ್ಪು ಪರದೆ ತೆರೆದಳು. ಕ್ಯಾಟಲಾಗನ್ನು ಕೇಳಲಿಲ್ಲ, ಅದಕ್ಕೆ ಗೊತ್ತಿಲ್ಲದ ಮಾತು ಅದು. ನೆಟ್ಟಗೆ ಯಲಹಂಕದ ಯಂತ್ರಕ್ಕೇ ಹೋಗಿ, ಒಂದೊಂದೇ ಫೋಲ್ಡರು ತೆರೆಯುತ್ತಾ, ಅತ್ತೆ ಮಂಕರಿ ಸಂದಿ ಗುಡಿಸಿದ ಹಾಗೆ ಗುಡಿಸಿಕೊಂಡು ಹೋದಳು. ಮುರಿಗೆಪ್ಪ ಹಿಂದೆ ನಿಂತಿದ್ದರು. ದಿವ್ಯ ಬಂದು ಪಕ್ಕದಲ್ಲಿ ನಿಂತಳು. ಮಧ್ಯಾಹ್ನದ ಊಟದ ಬೆಲ್ಲು ಹೊಡೆಯಿತು, ಯಾರೂ ಅಲುಗಲಿಲ್ಲ.

'ರಾಧಾ ಆಟ' ಎಂಬ ಫೋಲ್ಡರಿನಲ್ಲಿ ಒಂದೇ ಒಂದು ಫೈಲಿತ್ತು.

ತೆರೆದಳು. ಮೊದಲು ಬರೀ ಗಾಳಿ. ಆಮೇಲೆ ದೊಡ್ಡ ಕಪ್ಪೆಗಳ ವಟವಟ. ಅದರ ಸಂದಿಯಿಂದ, ದೂರದಲ್ಲಿ ಯಾರೋ ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದ ಹಾಗೆ. ಮತ್ತೊಮ್ಮೆ. ದಿವ್ಯ ಮೇಜಿನ ಅಂಚು ಹಿಡಿದುಕೊಂಡಳು.

"ಅದೇ" ಎಂದಳು.

"ಎಷ್ಟೈತವಾ?" ಮುರಿಗೆಪ್ಪ ಕೇಳಿದರು.

"ಒಂದು ಸಂಜೆದು ಸಾರ್. ಮೂರು ಮಳೆಗಾಲ ಅಂತ ಬರ್ದಿದ್ದೆ." ನಕ್ಕಳೋ ನಿಟ್ಟುಸಿರಿಟ್ಟಳೋ ತಿಳಿಯಲಿಲ್ಲ. "ಹೋಲಿಕೆ ಅಂತೂ ಮಾಡಕ್ಕಾಗಲ್ಲ. ಅಲ್ಲಿ ಈ ಕಪ್ಪೆ ಇತ್ತು ಅಂತಾದ್ರೂ ತೋರಿಸ್ಬಹುದು. ಉಳಿದಿದ್ದು ಮತ್ತೆ ಬರೀಬೇಕು. ಒಂದು ವರ್ಷ ಹೋಯ್ತು ಅನ್ಕೊಳ್ಳಿ."

"ನನ್ ತಪ್ಪು ಕಣೇ" ಎಂದಳು ರಾಧಾಮಣಿ.

"ಹೆಸರು ಇಟ್ಟಾಂವ ನಾ ಅದೀನಿ, ತಪ್ಪು ನಿಮಗ ಹೆಂಗ ಬರತೈತ್ರಿ?" ಎಂದರು ಮುರಿಗೆಪ್ಪ.

"ಇಬ್ರೂ ಆಮೇಲೆ ಹಂಚ್ಕೊಳ್ಳಿ" ಎಂದಳು ದಿವ್ಯ. "ಮೊದ್ಲು ಇದನ್ನ ಕಾಪಿ ಮಾಡಿ ರಾಧಕ್ಕ. ನಂಗೂ ಒಂದು."

ರಾಧಾಮಣಿ ಹೆಬ್ಬಾಳಕ್ಕೊಂದು ಪ್ರತಿ ಕಳಿಸಿದಳು, ಸೋಲದೇವನಹಳ್ಳಿಗೊಂದು, ದಿವ್ಯಳ ಲ್ಯಾಪ್‌ಟಾಪಿಗೊಂದು. ಯಲಹಂಕದ ಅನಾಮಧೇಯ ಪ್ರತಿಗೂ ಒಂದು ವಿಳಾಸ ಬರೆದು ಕ್ಯಾಟಲಾಗಿಗೆ ಸೇರಿಸಿದಳು. ಫೈಲಿನ ಹೆಸರು ಕೇಳಿದಾಗ ಅದು ಲ್ಯಾಪ್‌ಟಾಪು ಬಿಟ್ಟು ಮೂರು ವಿಳಾಸ ಹೇಳಿತು. ದಿವ್ಯ ಹೊರಟುಹೋದಳು. ಮುರಿಗೆಪ್ಪನವರೂ ಊಟಕ್ಕೆ ಎದ್ದರು. "ಬರ್ರಿ, ಡಬ್ಬಿ ತಣ್ಣಗಾಗತೈತಿ."

"ನೀವು ಹೋಗಿರಿ ಸಾರ್."

ಸೋಲದೇವನಹಳ್ಳಿಯ ಹೆಸರಿನಲ್ಲಿ ಕ್ಯಾಟಲಾಗು ಹೇಳುವ ಸಾವಿರಾರು ವಿಳಾಸಗಳ ಬಾಗಿಲು ಇನ್ನು ಒಂದೊಂದಾಗಿ ತಟ್ಟಬೇಕು. ಇದ್ದದ್ದಕ್ಕೆ ಇದೆ ಎನ್ನಬೇಕು, ಇಲ್ಲದ್ದನ್ನು ಅದರ ಯಜಮಾನರಿಗೆ ಹೇಳಬೇಕು, ಅವರ ಮುಖ ನೋಡಬೇಕು. ಮಳೆಗಾಲ ಮುಗಿಯುವವರೆಗೂ ಇದೇ ಕೆಲಸ. ನೆನೆದರೇ ಕತ್ತು ಮತ್ತೆ ಹಿಡಿದುಕೊಂಡಿತು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಸೋಲದೇವನಹಳ್ಳಿಗೆ ಈಗಷ್ಟೇ ಕಳಿಸಿದ ಕಪ್ಪೆಯ ಫೈಲನ್ನು ಅಲ್ಲಿಂದಲೇ ತೆರೆದಳು. ಗಾಳಿ ಕೇಳಿಸಿತು. ಅಷ್ಟಕ್ಕೇ ನಿಲ್ಲಿಸದೆ, ಬಾಚಣಿಗೆಯ ಸದ್ದು ಬರುವವರೆಗೂ ಕಾದಳು.