ಹಳದಿ ಹೌಸ್ ಗೆದ್ದ ವರ್ಷ

೧೯೬೩ರಲ್ಲಿ ಮೈಸೂರಿನಿಂದ ಬರೋಡಾಕ್ಕೆ ಹೋದ ಪಟ್ಟಾಭಿರಾಮ ಮೇಷ್ಟ್ರ ಕೊರಳಿಗೆ ಫತೇಗಂಜಿನ ಶಾಲೆಯೊಂದು ಹಳದಿ ಹೌಸನ್ನು ಗಂಟುಹಾಕಿತು. ಅಲ್ಲಿ ಹಾಸ್ಟೆಲಿನ ಹುಡುಗರನ್ನೂ ಮನೆಯಿಂದ ಬರುವವರನ್ನೂ ಕಲೆಸಿ ನಾಲ್ಕು ಬಣ್ಣದ ಹೌಸುಗಳಿಗೆ ಹಂಚಿದ್ದರು. ಆಟ, ಪಾಠ, ಕಾಲುಚೀಲ, ಎಲ್ಲಕ್ಕೂ ಅಂಕ. ಹಳದಿಯದು ಪ್ರತಿ ವರ್ಷವೂ ಕೊನೆಯ ಸ್ಥಾನ.

ಮೇಷ್ಟ್ರು ಸೋಲೊಪ್ಪುವ ಆಸಾಮಿಯಲ್ಲ. ಹುಡುಗರನ್ನು ನಸುಕಿನಲ್ಲೇ ಎಬ್ಬಿಸಿ ಓಡಿಸಿದರು, ಸಂಜೆ ಮಗ್ಗಿ ಒಪ್ಪಿಸಿಕೊಂಡರು, ಉಗುರನ್ನಂತೂ ತಾವೇ ಕತ್ತರಿಸಿದರು. ಹಳದಿ ಗೆದ್ದೇಬಿಟ್ಟಿತು. ಆದರೆ ಹಳದಿಯ ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಉಳಿದ ಮೂರು ಹೌಸಿನವರು ಕೈ ನೋಯುವಷ್ಟು ತಟ್ಟಿದರು.

ಗೆದ್ದ ಹೌಸಿಗೂ ಅದರ ಮೇಷ್ಟ್ರಿಗೂ ಬಹುಮಾನವೆಂದರೆ ಪ್ರಿನ್ಸಿಪಾಲರ ಬಂಗಲೆಯಲ್ಲಿ ಊಟ. ಬಾಳೆಲೆ ಕಂಡ ಕೈಗೆ ಮುಳ್ಳುಚಮಚ, ತಟ್ಟೆಯಲ್ಲಿ ಉಪ್ಪಿಲ್ಲದ ಬೇಯಿಸಿದ ಕೋಸು, ಕಿವಿಗೆ ಚಾರಿತ್ರ್ಯದ ಬಗ್ಗೆ ಮುಗಿಯದ ಭಾಷಣ. ಕೋಸು ಎರಡನೇ ಸಲ ಬಂದಾಗ ಪಕ್ಕದಲ್ಲಿದ್ದ ಹೌಸ್ ಕ್ಯಾಪ್ಟನ್, ಸೂರತ್ತಿನ ರಮಣೀಕ, ಹಿಂದಿಯಲ್ಲಿ ಪಿಸುಗುಟ್ಟಿದ: “ಇಷ್ಟು ವರ್ಷ ಸೋಲೋಕೆ ನಾವು ಎಷ್ಟು ಮೆಹನತ್ ಮಾಡಿದ್ವಿ ಗೊತ್ತಾ, ಸಾಹೇಬ್?”

ಮನೆಯಲ್ಲಿ ಹೆಂಡತಿ ವೇದಾ ಕೇಳಿದಳು: “ಏನ್ರೀ, ಊಟ ಭರ್ಜರೀನಾ?”

“ಮೊದ್ಲು ಒಂದಿಷ್ಟು ಸಾರನ್ನ ಬಡಿಸೇ.”

ಮರುವರ್ಷ ಮೇಷ್ಟ್ರು ಹಳದಿಯ ಮೇಲೆ ಕೆಂಡ ಕಾರತೊಡಗಿದರು. ಕಾಲುಚೀಲ ಜಾರಿದರೆ ಅಂಕ ಕಡಿತ, ಪ್ರಾರ್ಥನೆಯಲ್ಲಿ ಸೀನಿದರೂ ಕಡಿತ. ಹಳದಿ ಮತ್ತೆ ನೆಲ ಕಚ್ಚಿತು. ಹುಡುಗರು ಮೇಷ್ಟ್ರನ್ನು ದೇವರಂತೆ ಕಂಡರು.

ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರು, ತಮ್ಮ ಹುಡುಗರಿಗೇ ದಯೆ ತೋರದ ಇಂಥ ಶಿಸ್ತಿನ ಹೌಸ್ ಮಾಸ್ಟರ್ ಇನ್ನೊಬ್ಬರಿಲ್ಲವೆಂದು ಮೇಷ್ಟ್ರನ್ನು ಹೊಗಳಿದರು. ಹೊಗಳಿ, ಬಹುಮಾನವಾಗಿ ಬಂಗಲೆಗೆ ಊಟಕ್ಕೆ ಕರೆದರು.