ಬದನೆ ಸಸಿಗೊಂದು ಚಪ್ಪರ

ಸೆಪ್ಟೆಂಬರ್ ಕೊನೆಗೆ ಮಳೆ ಹೊಳವಾಯಿತು. ನಾಲ್ಕು ದಿನ ಬಿಸಿಲು ಕಂಡದ್ದೇ ತಡ, ವಸ್ತಾರೆ ಹತ್ತಿರದ ನಮ್ಮ ಮನೆ ಹಿತ್ತಲಲ್ಲಿ ನಾನು ಗುದ್ದಲಿ ಹಿಡಿದು ನಿಂತೆ. ಮೂಲಂಗಿ, ಬೀನ್ಸ್, ಕೊತ್ತಂಬರಿ ಎಲ್ಲ ಆಗಲೇ ನೆಲಕ್ಕೆ ಬೀಳಬೇಕು. ಕಾಫಿ ಕುಯ್ಲು ಶುರುವಾದರೆ ಯಾರಿಗೆ ಪುರುಸೊತ್ತು?

ಆ ಸಲ ಅವುಗಳ ಜೊತೆ ಅಮ್ಮನ ಬದನೆ ಬೀಜವೂ ಇತ್ತು. ನನ್ನ ತವರು ಕಳಸದ ಕಡೆ. ಅಮ್ಮ ಆ ಮನೆಗೆ ಮದುವೆಯಾಗಿ ಬಂದಾಗಿನಿಂದ ವರ್ಷ ವರ್ಷ ಬೀಜ ಎತ್ತಿಟ್ಟು ಉಳಿಸಿಕೊಂಡು ಬಂದ ಬದನೆ ಅದು. ಹಸಿರು ಮೈ, ಬಿಳಿ ಗೀರು. ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿದರೆ ಎಷ್ಟು ಕಡುಬು ಇಳಿಯಿತು ಅಂತ ಗೊತ್ತೇ ಆಗುವುದಿಲ್ಲ. ಆ ವರ್ಷದ ಮಳೆಗೆ ಅವಳ ಗಿಡಗಳೆಲ್ಲ ಕೊಳೆತುಹೋಗಿದ್ದವು. ಬೂದಿ ಬೆರೆಸಿ ಹಳೇ ಸೀರೆ ಚೂರಿನಲ್ಲಿ ಕಟ್ಟಿದ ಪುಟ್ಟ ಗಂಟನ್ನು ನನ್ನ ಕೈಗಿಟ್ಟು, "ನನ್ನತ್ರ ಇಷ್ಟೇ ಉಳಿದಿರೋದು. ಇದು ಹೋದ್ರೆ ಹೋಯ್ತು" ಅಂದಿದ್ದಳು.

ಅಷ್ಟು ಹೇಳಿಸಿಕೊಂಡ ಮೇಲೆ ಸುಮ್ಮನೆ ಮಡಿಗೆ ಉದುರಿಸಲು ಧೈರ್ಯ ಬರುತ್ತದೆಯೇ? ನಾವು ಕಾಫಿಯವರು, ಜೋಪಾನ ಅಂದರೆ ನಮಗೆ ನೆರಳು. ಕಾಫಿ ಸಸಿ ಬೆಳೆಸುವ ಹಾಗೇ ಪ್ಲಾಸ್ಟಿಕ್ ಬ್ಯಾಗಿಗೆ ಕಾಡುಮಣ್ಣು ತುಂಬಿ, ಬೀಜ ಊರಿ, ಚಪ್ಪರ ಹಾಕಿ, ಮೇಲೆ ಹಸಿರು ಬಲೆ ಎರಡು ಪದರ ಎಳೆದೆ. ದಿನಾ ಎರಡು ಹೊತ್ತು ನೀರು. ನನ್ನ ಗಂಡ ಬಂದು ನೋಡಿ "ಚೆನ್ನಾಗಿ ಮಾಡಿದೀಯ" ಎಂದು ತಲೆದೂಗಿದರು. ಅವರೂ ಕಾಫಿಯವರೇ ತಾನೆ.

ಮೊಳಕೆ ಬಂತು. ಆಮೇಲೆ ಸಸಿಗಳು ಬಿಳಿಚಿಕೊಂಡು, ದಾರದ ಹಾಗೆ ಉದ್ದಕ್ಕೆ ಎಳೆದುಕೊಂಡು, ಬುಡ ಕೊಳೆತು ಒಂದೊಂದಾಗಿ ಮಲಗತೊಡಗಿದವು. ಇಪ್ಪತ್ತೆರಡರಲ್ಲಿ ಒಂಬತ್ತು ಉಳಿದವು. ಬಿಸಿಲು ಜಾಸ್ತಿಯಾಯಿತೇನೋ ಅಂತ ಮೂರನೇ ಪದರ ಬಲೆಯನ್ನೂ ಹಾಕಿದೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅಮ್ಮ ವಾರಕ್ಕೊಮ್ಮೆ ಫೋನ್ ಮಾಡಿ "ಬದನೆ ಹೆಂಗಿದೆ?" ಅನ್ನುತ್ತಿದ್ದಳು. ಪ್ರತಿ ಸಲವೂ ನಾನು "ಚೆನ್ನಾಗಿದೆ ಅಮ್ಮ" ಅನ್ನುತ್ತಿದ್ದೆ. ಒಂದು ದಿನ "ಒಂದು ಫೋಟೋ ಕಳ್ಸು" ಅಂದುಬಿಟ್ಟಳು. ನಾಚಿಕೆ ಬಿಟ್ಟು ಪಕ್ಕದ ಮನೆ ಹಿತ್ತಲಿಗೆ ಹೋಗಿ, ದಷ್ಟಪುಷ್ಟವಾಗಿ ನಿಂತಿದ್ದ ಅವರ ಬದನೆ ಗಿಡಗಳ ಫೋಟೋ ತೆಗೆದು ಕಳಿಸಿದೆ.

ಐದೇ ನಿಮಿಷಕ್ಕೆ ಫೋನ್ ಬಂತು. "ಯಾರ ಮನೇದೇ ಇದು? ನಮ್ಮದಕ್ಕೆ ಎಲೆ ನರದ ಮೇಲೆ ಮುಳ್ಳಿರ್ತದೆ. ಇದು ನುಣ್ಣಗಿದೆ. ನಂಗೇ ಟೋಪಿ ಹಾಕ್ತೀಯಾ?"

ಅಲ್ಲಿಗೆ ಮುಗಿಯಿತು. ಅಳುತ್ತಾ ಎಲ್ಲ ಒಪ್ಪಿಕೊಂಡೆ. "ಸಸಿ ಎಲ್ಲಿಟ್ಟಿದೀಯ?" ಎಂದು ಅಮ್ಮ ಕೇಳಿದಳು.

"ಚಪ್ಪರದ ಕೆಳಗೆ. ಮೂರು ಬಲೆ ಹಾಕಿದೀನಿ."

"ಅಯ್ಯೋ ಮಾರಾಯ್ತಿ, ಅದೇನು ಕಾಫಿನಾ? ಬದನೆಗೆ ಬಿಸಿಲು ಬೇಕು. ಎರಡು ದಿನಕ್ಕೊಂದೊಂದು ಬಲೆ ತೆಗಿ. ನೀರು ಕಮ್ಮಿ ಮಾಡು, ಬುಡಕ್ಕೆ ಮಣ್ಣೇರಿಸು." ಆಮೇಲೆ, "ಸುಳ್ಳು ಹೇಳಿದ್ದಕ್ಕಲ್ಲ ನಂಗೆ ಸಿಟ್ಟು. ಮೊದಲೇ ಹೇಳಿದ್ರೆ ಇನ್ನೊಂದಷ್ಟು ಉಳೀತಿತ್ತು" ಅಂದಳು.

ಸಸಿಗಳು ಬದುಕುತ್ತವೋ ಇಲ್ಲವೋ ಗೊತ್ತಿರಲಿಲ್ಲ, ಆದರೂ ಆ ದಿನ ಹೊಟ್ಟೆತುಂಬ ಉಂಡೆ. ಅಮ್ಮನಿಗೆ ಸುಳ್ಳು ಹೇಳುವ ಕೆಲಸವಂತೂ ತಪ್ಪಿತ್ತು.

ಮತ್ತೆ ಎರಡು ಸತ್ತವು, ಏಳು ಉಳಿದವು. ಬಿಸಿಲಿಗೆ ಕಾಂಡ ದಪ್ಪವಾಯಿತು, ಎಲೆ ಕಪ್ಪು ಹಸಿರಿಗೆ ತಿರುಗಿತು. ಮೂಲಂಗಿ ಸಾಲಿನ ಪಕ್ಕ, ಮರದ ನೆರಳು ಬೀಳದ ಕಡೆ ನೆಟ್ಟೆ. ಒಂದು ಬೆಳಿಗ್ಗೆ ಕಳೆ ಕೀಳುವಾಗ ಬೆರಳಿಗೆ ಚುರ್ ಎಂದು ಏನೋ ಚುಚ್ಚಿತು. ರಕ್ತ ಬಂದ ಬೆರಳನ್ನು ಚುಚ್ಚಿದ ಬದನೆ ಎಲೆಯ ಪಕ್ಕ ಹಿಡಿದು ಫೋಟೋ ಕಳಿಸಿದೆ.

ಫೋನ್ ಬಂತು. "ಹ್ಞಾಂ, ಇದು ನಮ್ದು" ಅಂದಳು ಅಮ್ಮ.